ವೆಲ್ಲೂರಿನ ವೈದ್ಯೆ ಐಡಾ ಸ್ಕಡರ್

ಮನುಷ್ಯನು ತನ್ನ ಸುಖವನ್ನು ಬಯಸುವುದು ಸಹಜ. ಒಳ್ಳೆಯ ಮನೆ, ನೆಮ್ಮದಿಯ ಬಾಳು, ಪ್ರೀತಿಸುವ ಬಂಧುಬಳಗ ಇವು ಬೇಡವೆನ್ನುವವರು ವಿರಳ. ಈ ಬಯಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ನೆರೆಯವರ ನೋವು ನಮ್ಮ ಬಾಗಿಲಿಗೇ ಬಂದು ನಿಂತಾಗಲೂ ನಾವು ನಮ್ಮ ಸುಖದ ಲೆಕ್ಕವನ್ನೇ ಹಾಕುತ್ತ ಕುಳಿತರೆ, ಸಹಜವಾದ ಆ ಬಯಕೆಯೇ ಸ್ವಾರ್ಥವಾಗಿ ಪರಿಣಮಿಸುತ್ತದೆ.

ಏಸುಕ್ರಿಸ್ತನು ತನ್ನ ಕೇಳುಗರಿಗೆ ಹೇಳಿದ ದೃಷ್ಟಾಂತವೊಂದು ಲೋಕಪ್ರಸಿದ್ಧವಾಗಿದೆ. ಜೆರೂಸಲೇಮಿನಿಂದ ಜೆರಿಕೊ ಪಟ್ಟಣಕ್ಕೆ ಹೋಗುತ್ತಿದ್ದ ಪ್ರಯಾಣಿಕನೊಬ್ಬನು ಕಳ್ಳರ ಕೈಗೆ ಸಿಕ್ಕಿ, ಹೊಡೆತ ತಿಂದು, ದಾರಿಯ ಮಗ್ಗುಲಲ್ಲಿ ಅರೆಜೀವವಾಗಿ ಬಿದ್ದಿದ್ದನು. ದೇವಾಲಯದ ಪುರೋಹಿತನು ಅವನನ್ನು ಕಂಡೂ ಮುಂದೆ ಹೋದನು. ದೇವಾಲಯದ ಸೇವಕನೊಬ್ಬನೂ ಹಾಗೆಯೇ ಮಾಡಿದನು. ಕೊನೆಗೆ ಅಲ್ಲಿ ನಿಂತವನು ಆ ನಾಡಿನ ಜನ ಕೀಳಾಗಿ ಕಾಣುತ್ತಿದ್ದ ಸಮಾರ್ಯದವನು. ಅವನೇ ಗಾಯಗಳನ್ನು ಕಟ್ಟಿ, ಗಾಯಾಳುವನ್ನು ತನ್ನ ವಾಹನದ ಮೇಲೆ ಕೂರಿಸಿ, ಛತ್ರಕ್ಕೆ ಕರೆದೊಯ್ದು, ಆರೈಕೆಯ ವೆಚ್ಚವನ್ನೂ ತೆತ್ತನು. ಮುಂದೆ ಹೋದವರಿಬ್ಬರೂ ಗಾಯಾಳುವಿಗೆ ಕೇಡು ಮಾಡಿದವರಲ್ಲ. ಅವರು ನಿಲ್ಲಲಿಲ್ಲ, ಅಷ್ಟೆ. ನಿಲ್ಲದೆ ಹೋಗುವುದೂ ಸ್ವಾರ್ಥವೇ ಎಂಬುದು ಈ ಕಥೆಯ ತಿರುಳು. ಹಾಗೆ ಮುಂದೆ ಸಾಗಿ ಹೋಗಬೇಕೆಂದಿದ್ದ ತರುಣಿಯೊಬ್ಬಳು ಒಂದು ರಾತ್ರಿ ನಿಂತಳು. ಆಕೆಯೇ ಐಡಾ ಸ್ಕಡರ್.

ಐಡಾ ಹುಟ್ಟಿದ್ದು 1870ನೆಯ ಇಸವಿ ಡಿಸೆಂಬರ್ 9ರಂದು, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ರಾಣಿಪೇಟೆಯಲ್ಲಿ. ಆಕೆಯದು ಅಮೆರಿಕದಿಂದ ಬಂದ ಮಿಷನರಿ ಮನೆತನ. ತಾತ ಜಾನ್ ಸ್ಕಡರ್ ನ್ಯೂಯಾರ್ಕ್ ನಗರದಲ್ಲಿ ಚೆನ್ನಾಗಿ ನಡೆಯುತ್ತಿದ್ದ ವೈದ್ಯವೃತ್ತಿಯನ್ನು ತೊರೆದು 1819ರಲ್ಲಿ ಸಿಂಹಳಕ್ಕೆ ಹಡಗು ಹತ್ತಿದವರು. ಅನಂತರ ದಕ್ಷಿಣ ಭಾರತಕ್ಕೆ ಬಂದವರು. ಅವರ ಮಕ್ಕಳಲ್ಲಿ ಹಲವರು ಇಲ್ಲಿಯೇ ಸೇವೆಗೆ ನಿಂತರು. ಐಡಾಳ ತಂದೆಯೂ ವೈದ್ಯರೇ. ಅವರ ಹೆಸರೂ ಜಾನ್ ಸ್ಕಡರ್ ಎಂದೇ.

ಐಡಾ ಇನ್ನೂ ಚಿಕ್ಕ ಹುಡುಗಿಯಾಗಿದ್ದಾಗ, 1876ರಿಂದ 1878ರವರೆಗೆ, ದಕ್ಷಿಣ ಭಾರತವನ್ನು ಭೀಕರ ಕ್ಷಾಮವು ಆವರಿಸಿತು. ಮೈಸೂರು ಸೀಮೆಯ ಹಿರಿಯರು ‘ಧಾತು ಈಶ್ವರದ ಬರ’ ಎಂದು ನೆನೆಯುತ್ತಿದ್ದುದು ಈ ಕ್ಷಾಮವನ್ನೇ. ತಾವೇ ತಿನ್ನಲೂ ಶಕ್ತಿಯಿಲ್ಲದ ಮಕ್ಕಳ ಬಾಯಿಗೆ ರೊಟ್ಟಿಯ ಚೂರುಗಳನ್ನಿಡುವ ಕೆಲಸ ಆ ಪುಟ್ಟ ಕೈಗಳಿಗೆ ಬಂದಿತು. ಆ ನೋಟವು ಆಕೆಯನ್ನು ಸೇವೆಯತ್ತ ಸೆಳೆಯಲಿಲ್ಲ. ಬದಲಾಗಿ, ಈ ನೋವಿನಿಂದ ದೂರ ಸರಿಯಬೇಕೆಂಬ ಭಾವನೆಯನ್ನೇ ಬೆಳೆಸಿತು. ಮುಂದೆ ಕುಟುಂಬವು ಅಮೆರಿಕಕ್ಕೆ ಮರಳಿತು. ಕೆಲವು ವರ್ಷಗಳ ಬಳಿಕ ತಂದೆಯೂ ಅವರ ಹಿಂದೆ ತಾಯಿಯೂ ಮತ್ತೆ ಭಾರತಕ್ಕೆ ಹೊರಟಾಗ, ಐಡಾ ಬಂಧುಗಳ ಮನೆಯಲ್ಲಿ ಉಳಿಯಬೇಕಾಯಿತು. ತನ್ನ ತಾಯ್ತಂದೆಯರನ್ನು ತನ್ನಿಂದ ಕಿತ್ತುಕೊಂಡ ದೇಶವೆಂದು ಆಕೆಗೆ ಭಾರತದ ಮೇಲೆ ಮುನಿಸು ಮೂಡಿದ್ದರೆ ಅಚ್ಚರಿಯಿಲ್ಲ. ಮನೆತನದವರೆಲ್ಲ ಹಿಡಿದ ದಾರಿಯನ್ನು ತಾನು ಮಾತ್ರ ಹಿಡಿಯುವುದಿಲ್ಲವೆಂದು ಆಕೆ ನಿಶ್ಚಯಿಸಿದಳು. ವಿದ್ಯಾಭ್ಯಾಸವನ್ನು ಮುಗಿಸಿ, ಮದುವೆಯಾಗಿ, ಅಮೆರಿಕದಲ್ಲಿಯೇ ಸುಖವಾಗಿ ಬಾಳಬೇಕೆಂಬುದು ಆಕೆಯ ಕನಸಾಗಿತ್ತು.

1890ರಲ್ಲಿ ತಾಯಿಗೆ ಕಾಯಿಲೆಯೆಂಬ ಸುದ್ದಿ ಬಂದಿತು. ಐಡಾ ಭಾರತಕ್ಕೆ ಬಂದಳು. ತಾಯಿಯ ಶುಶ್ರೂಷೆ ಮಾಡಿ, ಆದಷ್ಟು ಬೇಗ ಹಿಂದಿರುಗುವುದೇ ಆಕೆಯ ಉದ್ದೇಶ. ತಂದೆ ಆಗ ತಿಂಡಿವನಂ ಎಂಬ ಊರಿನಲ್ಲಿದ್ದರು. ಅಲ್ಲಿಯ ಬಂಗಲೆಯಲ್ಲಿ ಆಕೆ ಒಂದು ರಾತ್ರಿ ದೀಪದ ಬೆಳಕಿನಲ್ಲಿ ಕುಳಿತಿದ್ದಾಗ ಹೊರಗೆ ಹೆಜ್ಜೆಯ ಸಪ್ಪಳವಾಯಿತು. ಬಂದವನು ಬ್ರಾಹ್ಮಣ ತರುಣ. ಎಳೆಯ ವಯಸ್ಸಿನ ತನ್ನ ಪತ್ನಿಯು ಪ್ರಸವವೇದನೆಯಿಂದ ಬಳಲುತ್ತಿರುವಳೆಂದೂ, ಸೂಲಗಿತ್ತಿಯರು ಕೈಚೆಲ್ಲಿರುವರೆಂದೂ, ಐಡಾ ಬಂದು ಕಾಪಾಡಬೇಕೆಂದೂ ಬೇಡಿಕೊಂಡನು. ತನಗೆ ವೈದ್ಯವಿದ್ಯೆ ತಿಳಿಯದು, ತಂದೆಯವರನ್ನು ಕಳುಹಿಸುವೆನೆಂದು ಆಕೆ ಹೇಳಿದಳು. ಪರಪುರುಷನು ತನ್ನ ಪತ್ನಿಯನ್ನು ಮುಟ್ಟಿ ನೋಡುವುದು ಆ ಮನೆಯ ಆಚಾರಕ್ಕೆ ಸಲ್ಲದು. ತರುಣನು ನಿರಾಶನಾಗಿ ಹಿಂದಿರುಗಿದನು.

ಸ್ವಲ್ಪ ಹೊತ್ತಿನಲ್ಲಿಯೇ ಮತ್ತೊಬ್ಬನು ಬಂದನು. ಅವನು ಮುಸಲ್ಮಾನ. ಅವನ ಪತ್ನಿಗೂ ಅದೇ ಸಂಕಟ. ಅವನದೂ ಅದೇ ಬೇಡಿಕೆ. ತಂದೆ ತಾವಾಗಿಯೇ ಬರಲು ಸಿದ್ಧರಾದರೂ ಅವನು ಒಪ್ಪಲಾರದೆ ಹೋದನು. ಮೂರನೆಯ ಬಾರಿ ಬಂದವನು ಮತ್ತೊಬ್ಬ ಹಿಂದೂ ಗೃಹಸ್ಥ. ಅವನೂ ಬರಿಗೈಯಲ್ಲಿ ಮರಳಿದನು. ಮೂರು ಮನೆಗಳಿಗೂ ಬೇಕಾಗಿದ್ದುದು ಒಬ್ಬ ವೈದ್ಯೆ. ಸುತ್ತಮುತ್ತ ಎಲ್ಲಿಯೂ ಅಂತಹವಳಿರಲಿಲ್ಲ.

ಐಡಾಳಿಗೆ ಆ ರಾತ್ರಿ ನಿದ್ರೆ ಬರಲಿಲ್ಲ. ಆಕೆ ದೇವರ ಮುಂದೆ ಮೊಣಕಾಲೂರಿದಳು. ಮನಸ್ಸಿನಲ್ಲಿ ಎರಡು ಚಿತ್ರಗಳು ಹೋರಾಡುತ್ತಿದ್ದುವು. ಒಂದು ಕಡೆ ಅಮೆರಿಕದ ಗೆಳತಿಯರು, ಮನೆ, ಹಿತವಾದ ಬದುಕು. ಇನ್ನೊಂದು ಕಡೆ ಕತ್ತಲೆಯಲ್ಲಿ ನರಳುತ್ತಿದ್ದ ಮೂವರು ಹೆಂಗಸರು. ಬೆಳಗಾಗುತ್ತಲೇ ಊರಿನ ಕಡೆಯಿಂದ ಸಾವಿನ ತಮಟೆಯ ಸದ್ದು ಕೇಳಿಬಂದಿತು. ವಿಚಾರಿಸಿ ಬರಲು ಹೋದ ಸೇವಕನು ತಂದ ವಾರ್ತೆ ಒಂದೇ: ಮೂವರೂ ತೀರಿಕೊಂಡಿದ್ದರು.

ಆ ಮೂವರನ್ನು ಕೊಂದುದು ಯಾರೊಬ್ಬರ ಕ್ರೌರ್ಯವಲ್ಲ. ಗಂಡಂದಿರು ಪತ್ನಿಯರನ್ನು ಪ್ರೀತಿಸಿದ್ದರು. ಆದುದರಿಂದಲೇ ಅಪರಿಚಿತರ ಬಾಗಿಲಿಗೆ ಬಂದಿದ್ದರು. ಆದರೆ ಆಚಾರದ ಗೋಡೆಯನ್ನು ದಾಟುವುದು ಅವರಿಂದಾಗಲಿಲ್ಲ. ಆ ಗೋಡೆಯ ಒಳಕ್ಕೆ ಹೋಗಬಲ್ಲವಳು ಹೆಣ್ಣು ಮಾತ್ರ. ದೇವರು ತನ್ನನ್ನು ಮೂರು ಬಾರಿ ಕರೆದನೆಂದೇ ಐಡಾ ನಂಬಿದಳು. ತಾನು ವೈದ್ಯವಿದ್ಯೆಯನ್ನು ಕಲಿತು ಈ ಹೆಂಗಸರ ಸೇವೆಗಾಗಿ ಹಿಂದಿರುಗುವೆನೆಂದು ತಾಯ್ತಂದೆಯರಿಗೆ ತಿಳಿಸಿದಳು.

ಕ್ಷಣದ ಉತ್ಸಾಹದಲ್ಲಿ ಸಂಕಲ್ಪ ಮಾಡುವುದು ಸುಲಭ. ಅದನ್ನು ವರ್ಷಗಟ್ಟಲೆ ಹೊತ್ತು ನಡೆಯುವುದು ಕಷ್ಟ. ಐಡಾ ಅಮೆರಿಕಕ್ಕೆ ಹೋಗಿ 1895ರಲ್ಲಿ ಫಿಲಡೆಲ್ಫಿಯ ನಗರದ ಮಹಿಳಾ ವೈದ್ಯಕೀಯ ಕಾಲೇಜನ್ನು ಸೇರಿದಳು. ಬಳಿಕ ಕಾರ್ನೆಲ್ ವೈದ್ಯಕೀಯ ಕಾಲೇಜು ಮಹಿಳೆಯರಿಗೂ ಬಾಗಿಲು ತೆರೆದಾಗ ಅಲ್ಲಿಗೆ ಹೋಗಿ 1899ರಲ್ಲಿ ಪದವಿ ಪಡೆದಳು. ವೆಲ್ಲೂರಿನಲ್ಲಿ ಹೆಂಗಸರಿಗಾಗಿ ಆಸ್ಪತ್ರೆಯೊಂದನ್ನು ಕಟ್ಟಲು ಹಣ ಕೂಡಿಸುವ ಹೊಣೆಯೂ ಆಕೆಯ ಮೇಲೆ ಬಿದ್ದಿತು. ಷೆಲ್ ಎಂಬ ವೃದ್ಧ ಧನಿಕರು ದಿವಂಗತರಾದ ತಮ್ಮ ಪತ್ನಿ ಮೇರಿ ಟೇಬರ್ ಷೆಲ್ ಅವರ ನೆನಪಿಗೆಂದು ಹತ್ತು ಸಾವಿರ ಡಾಲರುಗಳನ್ನು ಕೊಟ್ಟರು.

1900ರ ಆರಂಭದಲ್ಲಿ ಡಾಕ್ಟರ್ ಐಡಾ ಭಾರತಕ್ಕೆ ಹಿಂದಿರುಗಿದರು. ತಂದೆಯ ಬಳಿ ಕೆಲಸ ಕಲಿಯಬೇಕೆಂದಿದ್ದ ಅವರಿಗೆ ವಿಧಿ ಆ ಅವಕಾಶ ಕೊಡಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ಐಡಾ ಎದೆಗುಂದಲಿಲ್ಲ. ಬಂಗಲೆಯ ಒಂದು ಚಿಕ್ಕ ಕೋಣೆಯನ್ನೇ ಔಷಧಾಲಯ ಮಾಡಿಕೊಂಡರು. ಸಲೋಮಿ ಎಂಬ ಸ್ಥಳೀಯ ಹೆಂಗಸು ಅವರಿಗೆ ನೆರವಾದಳು. ಮೊದಮೊದಲು ಜನ ಹಿಂಜರಿದರು. ಹೊಸ ವೈದ್ಯೆಯ ಔಷಧಕ್ಕಿಂತ ಹಳೆಯ ನಂಬಿಕೆಯೇ ಅವರಿಗೆ ಹಿತವೆನಿಸಿತು. ಗುಣ ಹೊಂದಿದ ಒಬ್ಬೊಬ್ಬರೂ ಇತರರನ್ನು ಕರೆತಂದರು. ಎರಡು ವರ್ಷಗಳಲ್ಲಿ ಐದು ಸಾವಿರ ಜನ ಚಿಕಿತ್ಸೆ ಪಡೆದರು. 1902ರಲ್ಲಿ ನಲವತ್ತು ಹಾಸಿಗೆಗಳ ಷೆಲ್ ಆಸ್ಪತ್ರೆಯು ಆರಂಭವಾಯಿತು.

ಆಸ್ಪತ್ರೆಗೆ ಬರಲಾರದವರು ಹಳ್ಳಿಗಳಲ್ಲಿ ಸಾವಿರಾರು ಮಂದಿ ಇದ್ದರು. ಅವರ ಬಳಿಗೆ ವೈದ್ಯೆಯೇ ಹೋದರು. ಗುಡಿಯಾತ್ತಂ ಕಡೆಯ ರಸ್ತೆಯಲ್ಲಿ ಗೊತ್ತಾದ ದಿನದಂದು ಮರದ ನೆರಳಿನಲ್ಲಿ ರೋಗಿಗಳು ಕಾದಿರುತ್ತಿದ್ದರು. ಐಡಾ ಗಾಡಿ ನಿಲ್ಲಿಸಿ ಹುಣ್ಣುಗಳನ್ನು ತೊಳೆದು, ಔಷಧ ಕೊಟ್ಟು, ಮುಂದಿನ ಮರದ ಬಳಿಗೆ ಸಾಗುತ್ತಿದ್ದರು. ಕುಲ, ಮತ, ಬಡವ, ಬಲ್ಲಿದ ಎಂಬ ಭೇದ ಅಲ್ಲಿರಲಿಲ್ಲ. ದಾರಿಯ ಮಗ್ಗುಲಲ್ಲಿ ನಿಂತ ಸಮಾರ್ಯದವನ ಕಥೆ ಅಲ್ಲಿ ವಾರವಾರವೂ ನಡೆಯುತ್ತಿತ್ತು.

ಇಷ್ಟರಲ್ಲಿ ಅವರಿಗೆ ಒಂದು ಸತ್ಯವು ಮನವರಿಕೆಯಾಯಿತು. ಹಗಲಿರುಳು ದುಡಿದರೂ ಒಬ್ಬ ವೈದ್ಯೆ ಎಷ್ಟು ಬಾಗಿಲುಗಳಿಗೆ ಹೋಗಬಲ್ಲಳು? ಈ ನಾಡಿನ ಹೆಣ್ಣುಮಕ್ಕಳೇ ವೈದ್ಯೆಯರಾಗಬೇಕು, ದಾದಿಯರಾಗಬೇಕು. ಸೇವೆ ಮಾಡುವವರಲ್ಲಿಯೂ ಸೂಕ್ಷ್ಮವಾದ ಸ್ವಾರ್ಥವೊಂದು ಉಳಿದಿರುತ್ತದೆ. ‘ನಾನಿಲ್ಲದೆ ಇದು ನಡೆಯದು’ ಎಂಬ ಭಾವನೆಯೇ ಅದು. ಐಡಾ ಅದಕ್ಕೆ ಎಡೆಗೊಡಲಿಲ್ಲ. 1909ರಲ್ಲಿ ದಾದಿಯರ ಶಿಕ್ಷಣ ಆರಂಭವಾಯಿತು. ಹೆಣ್ಣುಮಕ್ಕಳ ವೈದ್ಯಕೀಯ ಶಾಲೆಯ ಯೋಜನೆಯನ್ನು ಕೇಳಿದ ಹಿರಿಯ ಸರ್ಕಾರಿ ವೈದ್ಯಾಧಿಕಾರಿಯೊಬ್ಬರು, ಮೂರು ಅರ್ಜಿಗಳು ಬಂದರೂ ಅದೃಷ್ಟವೇ ಎಂದು ಸಂದೇಹಪಟ್ಟರು. 1918ರಲ್ಲಿ ಶಾಲೆ ತೆರೆದಾಗ ಬಂದ ಅರ್ಜಿಗಳು 151! ಮೊದಲನೆಯ ತಂಡವು 1922ರಲ್ಲಿ ಶಿಕ್ಷಣ ಮುಗಿಸಿ ಹೊರಬಂದಿತು. ಮೂರು ಮನೆಗಳ ಹೊರಗೆ ನಿಂತು ಸೋತಿದ್ದ ಚಿಕಿತ್ಸೆಯು ಈಗ ಈ ನಾಡಿನ ಹೆಣ್ಣುಮಕ್ಕಳ ಕೈಯಿಂದ ಒಳಮನೆಯನ್ನು ಹೊಕ್ಕಿತು.

ಕಠಿಣವಾದ ಪರೀಕ್ಷೆಯೊಂದು ಇನ್ನೂ ಉಳಿದಿತ್ತು. ಕಿರಿಯ ಮಟ್ಟದ ವೈದ್ಯಶಿಕ್ಷಣ ಸಾಲದು, ವಿಶ್ವವಿದ್ಯಾನಿಲಯದ ಪದವಿಯೇ ಬೇಕೆಂದು 1938ರ ಸುಮಾರಿಗೆ ಮದರಾಸು ಸರ್ಕಾರವು ನಿಯಮ ಮಾಡಿತು. ಅದಕ್ಕೆ ದೊಡ್ಡ ಆಸ್ಪತ್ರೆ, ಹೆಚ್ಚಿನ ಅಧ್ಯಾಪಕರು, ಅಪಾರ ಹಣ ಬೇಕು. ಸಂಸ್ಥೆಯೇ ಮುಚ್ಚಿಹೋಗುವ ಭಯ ತಲೆದೋರಿತು. ಎಪ್ಪತ್ತು ವರ್ಷದ ಐಡಾ ಹಣ ಕೂಡಿಸಲು ಮತ್ತೆ ಅಮೆರಿಕಕ್ಕೆ ಹೊರಟರು. ಗಂಡುಮಕ್ಕಳಿಗೂ ಪ್ರವೇಶ ಕೊಟ್ಟರೆ ಹೆಚ್ಚಿನ ಸಂಸ್ಥೆಗಳ ನೆರವು ದೊರೆಯುವಂತಿತ್ತು. ಆದರೆ ಹೆಣ್ಣುಮಕ್ಕಳಿಗೆಂದೇ ಬಹುಕಾಲ ಹಣ ಕೂಡಿಸಿಕೊಟ್ಟ ಹಳೆಯ ಬೆಂಬಲಿಗರಲ್ಲಿ ಕೆಲವರಿಗೆ ಇದು ಸಮ್ಮತವಾಗಲಿಲ್ಲ. ಐಡಾ ಅವರಿಗೂ ಇದು ನೋವಿನ ಸಂಗತಿಯೇ. ತಾವು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ರೂಪಕ್ಕಿಂತ ರೋಗಿಗಳ ಹಿತವೇ ದೊಡ್ಡದೆಂದು ಬಗೆದು ಅವರು ಈ ಮಾರ್ಪಾಡಿಗೆ ಒಪ್ಪಿದರು. 1947ರಲ್ಲಿ ಗಂಡುಮಕ್ಕಳೂ ಕಾಲೇಜನ್ನು ಸೇರಿದರು. ಸ್ವಾತಂತ್ರ್ಯಾನಂತರ ಡಾಕ್ಟರ್ ಹಿಲ್ಡಾ ಲಾಜರಸ್ ಅವರು ಸಂಸ್ಥೆಯ ಆಡಳಿತ ವಹಿಸಿದ ಮೊದಲ ಭಾರತೀಯ ಮಹಿಳೆಯಾದರು.

ಐಡಾ ಮದುವೆಯಾಗಲಿಲ್ಲ. ಆದರೂ ಅವರನ್ನು ತಾಯಿಯೆಂದು ನೆನೆದವರಿಗೆ ಕೊರತೆಯಿರಲಿಲ್ಲ. ‘ಡಾಕ್ಟರ್ ಐಡಾ, ಇಂಡಿಯಾ’ ಎಂದಷ್ಟೇ ವಿಳಾಸ ಬರೆದಿದ್ದ ಕಾಗದವೊಂದು ತಪ್ಪದೆ ಅವರನ್ನು ತಲಪಿತಂತೆ. 1960ನೆಯ ಇಸವಿ ಮೇ 24ರಂದು ಕೊಡೈಕಾನಲಿನ ತಮ್ಮ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ ಎಂಬತ್ತೊಂಬತ್ತು ವರ್ಷ.

ಒಂದು ಕೋಣೆಯಲ್ಲಿ ಮೊದಲಾದ ಆ ಕೆಲಸವು ಇಂದು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯಾಗಿ ಬೆಳೆದು ನಿಂತಿದೆ. ಕನ್ನಡನಾಡಿನ ರೋಗಿಗಳೂ ಸೇರಿದಂತೆ ದೇಶದ ಮೂಲೆಮೂಲೆಗಳ ಜನ ಅಲ್ಲಿಗೆ ಹೋಗುತ್ತಾರೆ. ಸೇವೆಯನ್ನು ಪಡೆಯುವುದಕ್ಕಿಂತ ಸೇವೆಯನ್ನು ಸಲ್ಲಿಸುವುದೇ ತನ್ನ ಗುರಿಯೆಂಬ ಸುವಾರ್ತೆಯ ತತ್ತ್ವವನ್ನು ಆ ಸಂಸ್ಥೆಯು ಧ್ಯೇಯವಾಗಿ ಇಟ್ಟುಕೊಂಡಿದೆ.

ಐಡಾ ಸ್ಕಡರ್ ಹುಟ್ಟಿನಿಂದಲೇ ತ್ಯಾಗಿಯಾಗಿರಲಿಲ್ಲ. ಅವರೂ ಎಲ್ಲರಂತೆ ಸುಖವನ್ನು ಬಯಸಿದವರು, ಹೊರಡಲು ಸಿದ್ಧರಾಗಿದ್ದವರು. ಆ ರಾತ್ರಿ ಮೂವರು ಹೆಂಗಸರನ್ನು ಉಳಿಸುವುದು ಅವರಿಂದಾಗಲಿಲ್ಲ. ತನ್ನಿಂದಾಗದೆ ಹೋದುದನ್ನು ಮರೆತು ಮುಂದೆ ನಡೆಯುವುದು ಸಾಧ್ಯವಿತ್ತು, ಅವರು ಮರೆಯಲಿಲ್ಲ. ಅಂದು ಇಲ್ಲವೆನ್ನಬೇಕಾದ ಒಂದು ಮಾತಿಗೆ ಅವರು ತಮ್ಮ ಇಡೀ ಬಾಳನ್ನೇ ಉತ್ತರವಾಗಿ ಕೊಟ್ಟರು.

ಅಭ್ಯಾಸ

1. ಬಾಲ್ಯದ ಯಾವ ಅನುಭವಗಳು ಐಡಾಳ ಮನಸ್ಸನ್ನು ಭಾರತದಿಂದ ದೂರ ಸರಿಸಿದುವು?
2. ಮೂವರೂ ಐಡಾಳ ತಂದೆಯವರ ನೆರವನ್ನು ಏಕೆ ಒಪ್ಪಲಿಲ್ಲ?
3. ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆಯನ್ನು ತೆರೆಯಬೇಕೆಂದು ಐಡಾ ನಿರ್ಧರಿಸಲು ಕಾರಣವೇನು?
4. ‘ಸೇವೆ ಮಾಡುವವರಲ್ಲಿಯೂ ಸೂಕ್ಷ್ಮವಾದ ಸ್ವಾರ್ಥವೊಂದು ಉಳಿದಿರುತ್ತದೆ.’ ಈ ಮಾತನ್ನು ಐಡಾ ಅವರ ಜೀವನದ ನಿದರ್ಶನಗಳೊಡನೆ ವಿವರಿಸಿರಿ.