ತಯಾರಿ ಸಾಲದು ಅನಿಸಿದಾಗ ಮತ್ತೆ ಟ್ರಯಥ್ಲಾನ್‌ಗೆ

ಎರಡು ಮೂರು ವರ್ಷ ಬಿಟ್ಟವರು ಮತ್ತೆ ಹೆಸರು ಕೊಟ್ಟಿದ್ದೀರಿ. ಸ್ಪರ್ಧೆಗೆ ಇನ್ನು ಎಂಟು ವಾರ. ದಿನ ಹತ್ತಿರ ಬಂದಷ್ಟೂ ‘ನನ್ನಿಂದ ಆಗುತ್ತಾ?’ ಎಂಬ ಅಳುಕು ಹೆಚ್ಚುತ್ತದೆ. ಸೈಕಲ್‌ನಲ್ಲೋ ಓಟದಲ್ಲೋ ತಯಾರಿ ಕಡಿಮೆಯಾದರೆ ವೇಗ ತಗ್ಗಿಸಿ ಮುಗಿಸಬಹುದು, ಬೇಕಾದರೆ ನಡೆಯಲೂಬಹುದು. ನೀರಿನಲ್ಲಿ ಆ ಅವಕಾಶವಿಲ್ಲ. ಹಾಗಾಗಿ ಉಳಿದ ಸಮಯದ ದೊಡ್ಡ ಪಾಲು ಈಜಿಗೆ ಹೋಗಬೇಕು ಎಂಬುದು ನನ್ನ ದೃಢವಾದ ನಂಬಿಕೆ.

ಹಂತ 1: ದೂರ ಇಳಿಸಿ

ಹಿಂದೆ ಗೋವಾದ 70.3 ಟ್ರಯಥ್ಲಾನ್ ಮುಗಿಸಿದ್ದರೂ (1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ) ಮರಳುವಾಗ ಅದೇ ದೂರಕ್ಕೆ ಹೋಗಬೇಡಿ. ಸ್ಪ್ರಿಂಟ್ ಸಾಕು: 750 ಮೀ. ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಈಗಾಗಲೇ ದೊಡ್ಡ ದೂರಕ್ಕೆ ಹಣ ಕಟ್ಟಿದ್ದರೆ ಬದಲಾಯಿಸಿಕೊಡುತ್ತಾರಾ ಎಂದು ಆಯೋಜಕರನ್ನು ಇವತ್ತೇ ಕೇಳಿ. ನಲವತ್ತು ದಾಟಿದವರು, ಬಿಪಿ ಅಥವಾ ಶುಗರ್ ಇರುವವರು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕಾಣಲೇಬೇಕು.

ಹಂತ 2: ಎಲ್ಲಿದ್ದೀರಿ ಎಂದು ನೋಡಿ

ಮೊದಲ ವಾರ ಮೂರೇ ಪರೀಕ್ಷೆ. ಕೊಳದಲ್ಲಿ ನಿಲ್ಲದೆ 400 ಮೀ. ಈಜು, ಸಮಯ ನೋಡುವುದು ಬೇಡ. ಒಂದು ಗಂಟೆ ಸೈಕಲ್. ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನವಾಗಿ ಇಪ್ಪತ್ತು ನಿಮಿಷ ಓಟ. ಯಾವುದು ಆಗಲಿಲ್ಲವೋ ಬರೆದಿಡಿ. ‘ಏನೂ ತಯಾರಿಯಿಲ್ಲ’ ಅನ್ನುವ ಭಯ ಆಗ ‘300 ಮೀ. ಆದಮೇಲೆ ಭುಜ ಸೋಲುತ್ತದೆ’ ಅನ್ನುವ ಕೆಲಸವಾಗಿ ಬದಲಾಗುತ್ತದೆ.

ಹಂತ 3: ನೀರು

ವಾರಕ್ಕೆ ಮೂರು ದಿನ ಈಜಿ. ಬೆಂಗಳೂರು, ಮೈಸೂರಿನಲ್ಲಿ ಕೊಳವನ್ನೇ ನಂಬಿದವರಿಗೆ ಒಂದು ಎಚ್ಚರಿಕೆ ಬೇಕು. ಕೊಳದಲ್ಲಿ ತಳದ ಕಪ್ಪು ಗೆರೆ ದಾರಿ ತೋರಿಸುತ್ತದೆ, ಪ್ರತಿ 25 ಅಥವಾ 50 ಮೀಟರಿಗೆ ಗೋಡೆ ಸಿಗುತ್ತದೆ, ಅದನ್ನು ಒದ್ದಾಗ ಅರೆಕ್ಷಣ ಬಿಡುವೂ ಸಿಗುತ್ತದೆ. ಸಮುದ್ರದಲ್ಲಿ ಇದ್ಯಾವುದೂ ಇಲ್ಲ. ಹಾಗಾಗಿ ಕೊಳದಲ್ಲೇ ಮುಂದೆ ನೋಡುತ್ತಾ ಈಜುವುದನ್ನು ಕಲಿಯಿರಿ: ಎಂಟು ಹತ್ತು ಕೈಗೊಮ್ಮೆ ಕಣ್ಣಷ್ಟೇ ನೀರಿನ ಮೇಲೆ ತಂದು ಗುರುತು ನೋಡಿ, ನಂತರ ತಲೆ ಪಕ್ಕಕ್ಕೆ ಹೊರಳಿಸಿ ಉಸಿರು ತೆಗೆದುಕೊಳ್ಳಿ. ಇಡೀ ತಲೆ ಎತ್ತಿದರೆ ಕಾಲು ಮುಳುಗುತ್ತದೆ. ಇಬ್ಬರು ಗೆಳೆಯರ ಜೊತೆ ಒಂದೇ ಲೇನ್‌ನಲ್ಲಿ ಈಜಿ, ಮೈಗೆ ಕೈಕಾಲು ತಾಗುವುದು ಅಭ್ಯಾಸವಾಗಲಿ.

ಸ್ಪರ್ಧೆಯ ಮೊದಲ ಎರಡು ಮೂರು ನಿಮಿಷದಲ್ಲಿ ಉಸಿರು ಕಟ್ಟಿದಂತಾಗುವುದು ಬಹಳ ಜನರ ಅನುಭವ. ಹೆಚ್ಚಿನ ಸಲ ಅದಕ್ಕೆ ಕಾರಣ ಉದ್ವೇಗ, ಅತಿವೇಗದ ಆರಂಭ ಮತ್ತು ನೀರಿನೊಳಗೆ ಉಸಿರು ಪೂರ್ತಿ ಬಿಡದಿರುವುದು. ಗುಂಪಿನ ಹಿಂದೆ, ಅಂಚಿನಲ್ಲಿ ನಿಲ್ಲಿ. ಗಾಬರಿಯಾದರೆ ಅಂಗಾತ ತೇಲುತ್ತಾ ಉದ್ದಕ್ಕೆ ಉಸಿರು ಬಿಡಿ. ಸಾಲದಿದ್ದರೆ ಕೈ ಎತ್ತಿ ಕರೆಯಿರಿ. ರಕ್ಷಣಾ ದೋಣಿಯನ್ನೋ ಬೋಯ್ ಅನ್ನೋ ಹಿಡಿದು ಸುಧಾರಿಸಿಕೊಳ್ಳಬಹುದು. ಅದರ ನೆರವಿನಿಂದ ಮುಂದಕ್ಕೆ ಸಾಗದಿದ್ದರೆ ಸಾಮಾನ್ಯವಾಗಿ ನಿಯಮ ಅದನ್ನು ಒಪ್ಪುತ್ತದೆ. ಇದು ಗೊತ್ತಿಲ್ಲದೆ ಹಟಕ್ಕೆ ಬಿದ್ದು ಈಜುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಸ್ಪರ್ಧೆಗೆ ಮೊದಲು ಒಮ್ಮೆಯಾದರೂ ತೆರೆದ ನೀರಿನಲ್ಲಿ ಈಜಿ. ಒಬ್ಬರೇ ಹೋಗಬೇಡಿ, ಆ ಜಾಗ ಬಲ್ಲವರ ಜೊತೆ ಹೋಗಿ, ಸೊಂಟಕ್ಕೆ ಬಣ್ಣದ ತೇಲುಬುರುಡೆ ಕಟ್ಟಿಕೊಳ್ಳಿ. ಮಳೆಗಾಲದಲ್ಲಿ ಕರಾವಳಿಯ ಸಮುದ್ರಕ್ಕೆ ಇಳಿಯಲೇಬಾರದು. ನಮ್ಮ ಬೆಚ್ಚನೆಯ ಸಮುದ್ರದಲ್ಲಿ ವೆಟ್‌ಸೂಟ್‌ಗೆ ಸಾಮಾನ್ಯವಾಗಿ ಅನುಮತಿ ಸಿಗುವುದಿಲ್ಲ, ಅದರ ತೇಲುವಿಕೆಯನ್ನು ನೆಚ್ಚಿಕೊಳ್ಳಬೇಡಿ.

ಹಂತ 4: ಸೈಕಲ್

ವಾರಕ್ಕೆ ಎರಡು ಸಲ ಸಾಕು. ಕೀಲುಗಳಿಗೆ ಪೆಟ್ಟು ಬೀಳದೆ ದಮ್ಮು ಮರಳುವುದು ಇಲ್ಲೇ. ಬೆಂಗಳೂರಿನವರಿಗೆ ನಂದಿ ಬೆಟ್ಟದ ಸೆಳೆತ ದೊಡ್ಡದು, ಆದರೆ ಸ್ಪರ್ಧೆಯ ದಾರಿ ಸಮತಟ್ಟಾಗಿದ್ದರೆ ಸಮತಟ್ಟು ರಸ್ತೆಯಲ್ಲೇ ಒಂದೇ ಹದದಲ್ಲಿ ತುಳಿಯಿರಿ. ವರ್ಷಗಟ್ಟಲೆ ನಿಂತ ಸೈಕಲ್ಲಿನ ಟೈರ್, ಬ್ರೇಕ್, ಚೈನ್ ಅಂಗಡಿಯಲ್ಲಿ ತೋರಿಸಿ.

ಹಂತ 5: ಓಟ

ದಮ್ಮು ಬೇಗ ಬರುತ್ತದೆ, ಸ್ನಾಯುರಜ್ಜುಗಳು ನಿಧಾನವಾಗಿ ಗಟ್ಟಿಯಾಗುತ್ತವೆ. ಮರಳಿ ಬಂದವರ ಹಿಮ್ಮಡಿ, ಮೀನಖಂಡ ಕೈಕೊಡುವುದು ಈ ಅಂತರದಿಂದಲೇ. ನಾಲ್ಕು ನಿಮಿಷ ಓಡಿ, ಒಂದು ನಿಮಿಷ ನಡೆಯಿರಿ. ನೋವು ಓಡುತ್ತಾ ಹೆಚ್ಚಾದರೆ ಆ ದಿನ ನಿಲ್ಲಿಸಿ. ವಾರಕ್ಕೊಮ್ಮೆ ಸೈಕಲ್ ಇಳಿದ ತಕ್ಷಣ ಹತ್ತು ನಿಮಿಷ ಓಡಿ. ಕಾಲು ಮರಗಟ್ಟಿದಂತೆ ಅನಿಸುವುದು ಸಹಜ, ಸ್ವಲ್ಪ ಹೊತ್ತಿಗೆ ಸಡಿಲವಾಗುತ್ತದೆ ಎಂದು ದೇಹಕ್ಕೆ ಮೊದಲೇ ಗೊತ್ತಿರಲಿ.

ಹಂತ 6: ಟ್ರಾನ್ಸಿಷನ್

ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವುದನ್ನು ಮನೆಯ ಪಾರ್ಕಿಂಗ್‌ನಲ್ಲೇ ಕಲಿಯಬಹುದು. ಹೆಲ್ಮೆಟ್ ಹಾಕಿ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಿ. ವಾಪಸ್ ಬಂದಾಗ ಸೈಕಲ್ ಸ್ಟ್ಯಾಂಡಿಗೆ ಸೇರಿಸಿದ ಮೇಲೆಯೇ ಪಟ್ಟಿ ಬಿಚ್ಚಿ. ಗುರುತಿಸಿದ ಗೆರೆ ದಾಟುವವರೆಗೆ ಹತ್ತುವಂತಿಲ್ಲ. ಹವ್ಯಾಸಿಗಳ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಮುಂದಿನ ಸೈಕಲ್ಲಿನ ಹಿಂದೆ ಅಂಟಿಕೊಂಡು ಹೋಗಲು ಬಿಡುವುದಿಲ್ಲ. ಬಿಡಬೇಕಾದ ಅಂತರವನ್ನು ಆಯೋಜಕರ ನಿಯಮಾವಳಿಯಲ್ಲಿ ಓದಿಕೊಳ್ಳಿ.

ಹಂತ 7: ಕೊನೆಯ ಎರಡು ವಾರ

ಈಗ ತೀರ್ಮಾನದ ಸಮಯ. 750 ಮೀ. ನಿಲ್ಲದೆ, ನೆಮ್ಮದಿಯಿಂದ ಈಜಲು ಆಗುತ್ತಿದೆಯೇ? ಆಗದಿದ್ದರೆ ಓಟ, ಸೈಕಲ್ ಮಾತ್ರ ಇರುವ ಡುಯಥ್ಲಾನ್ ವಿಭಾಗ ಇದೆಯೇ ಕೇಳಿ, ಇಲ್ಲದಿದ್ದರೆ ಮುಂದಿನ ಸ್ಪರ್ಧೆಗೆ ಬಿಡಿ. ಆಗುತ್ತಿದ್ದರೆ ತಪ್ಪಿಹೋದ ಅಭ್ಯಾಸವನ್ನು ಕೊನೆಯ ವಾರ ತುಂಬಿಸಲು ಹೋಗಬೇಡಿ. ಅದರಿಂದ ಶಕ್ತಿ ಬರುವುದಿಲ್ಲ, ದಣಿವು ಮಾತ್ರ ಉಳಿಯುತ್ತದೆ. ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ, ನಿದ್ದೆ ಮಾಡಿ.

ಹಂತ 8: ಸ್ಪರ್ಧೆಯ ದಿನ

ಬೆಳಿಗ್ಗೆ ಹೊಟ್ಟೆಗೆ ಒಗ್ಗಿದ್ದನ್ನೇ ತಿನ್ನಿ: ಬಾಳೆಹಣ್ಣು, ಇಡ್ಲಿ, ಅವಲಕ್ಕಿ. ಸೈಕಲ್ ಮೇಲೆ ಆಗಾಗ ಒಂದೆರಡು ಗುಟುಕು ನೀರು, ಬೆವರು ಜಾಸ್ತಿಯಿದ್ದರೆ ಉಪ್ಪು ಸಕ್ಕರೆ ಬೆರೆಸಿದ್ದು. ಓಟದ ಮೊದಲ ಕಿಲೋಮೀಟರ್ ಬೇಕೆಂದೇ ನಿಧಾನವಾಗಿರಲಿ, ನೀರಿನ ಮೇಜು ಸಿಕ್ಕಲ್ಲೆಲ್ಲ ನಡೆದು ಕುಡಿಯಿರಿ. ಎದೆ ಬಿಗಿದರೆ, ತಲೆ ತಿರುಗಿದರೆ, ಬಿಸಿಲಲ್ಲಿ ಚಳಿ ಅನಿಸಿದರೆ ಅಲ್ಲೇ ನಿಂತು ಸ್ವಯಂಸೇವಕರಿಗೆ ಹೇಳಿ. ಗೆರೆ ದಾಟಿದ ಮೇಲೆ ತಕ್ಷಣ ಕೂರಬೇಡಿ. ಹತ್ತು ನಿಮಿಷ ನಡೆದಾಡಿ, ನೆರಳಿಗೆ ಬಂದು ಏನಾದರೂ ತಿನ್ನಿ.