ಉಬ್ಬು ಹಲಗೆಯ ಬಾಗಿಲು : ರೂಟರ್ ಬಿಟ್‌ಗಳ ಆಯ್ಕೆ ಮತ್ತು ಸುರಕ್ಷಿತ ಬಳಕೆ

ಮರವು ಕಡಿದು ಒಣಗಿಸಿದ ಮೇಲೂ ಸುಮ್ಮನಿರತಕ್ಕ ವಸ್ತುವಲ್ಲ. ಮಳೆಗಾಲದ ತೇವವನ್ನು ಹೀರಿ ಅದು ಹಿಗ್ಗುತ್ತದೆ. ಬೇಸಿಗೆಯ ಒಣಹವೆಯಲ್ಲಿ ಕುಗ್ಗುತ್ತದೆ. ಈ ವ್ಯತ್ಯಾಸವು ಎಳೆಯ ಉದ್ದಕ್ಕೆ ನಗಣ್ಯ, ಅಗಲಕ್ಕೆ ಮಾತ್ರ ಗಣನೀಯ. ಹಸಿ ತೇಗವು ಪೂರ್ಣ ಒಣಗುವ ಹೊತ್ತಿಗೆ ಬೆಳವಣಿಗೆಯ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಸುಮಾರು ಶೇ. 5.8ರಷ್ಟು, ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಸುಮಾರು ಶೇ. 2.5ರಷ್ಟು ಕುಗ್ಗುತ್ತದೆ. ಮಳೆಗಾಲಕ್ಕೂ ಬೇಸಿಗೆಗೂ ಮರದ ತೇವಾಂಶದಲ್ಲಿ ನಾಲ್ಕು ಶೇಕಡಾಂಶಗಳ ಅಂತರ ಬಿದ್ದರೆ 300 ಮಿ.ಮೀ. ಅಗಲದ ತೇಗದ ಹಲಗೆ 2 ಮಿ.ಮೀ.ಗೂ ಮಿಕ್ಕಿ ಅಗಲವಾಗಬಹುದು. ಹಲಗೆಯನ್ನು ಚೌಕಟ್ಟಿಗೆ ಅಂಟಿನಿಂದ ಬಿಗಿದರೆ ಒಂದೋ ಹಲಗೆ ಸೀಳುತ್ತದೆ, ಇಲ್ಲವೇ ಚೌಕಟ್ಟಿನ ಮೂಲೆ ಬಾಯಿಬಿಡುತ್ತದೆ.

ಇದಕ್ಕೆ ಪೂರ್ವಿಕ ಬಡಗಿಗಳು ಕಂಡುಕೊಂಡ ಉಪಾಯವೇ ಉಬ್ಬು ಹಲಗೆಯ ಬಾಗಿಲು. ಎರಡು ನಿಲುಪಟ್ಟಿ, ಎರಡು ಅಡ್ಡಪಟ್ಟಿಗಳಿಂದ ಚೌಕಟ್ಟು ಕಟ್ಟಿ, ಅವುಗಳ ಒಳಅಂಚಿನಲ್ಲಿ ಸುಮಾರು 10 ಮಿ.ಮೀ. ಆಳದ ತೋಡನ್ನು ಕೊರೆಯುತ್ತಾರೆ. ಹಲಗೆಯ ನಾಲ್ಕೂ ಅಂಚುಗಳನ್ನು ಇಳಿಜಾರಾಗಿ ಕೆತ್ತಿ 6 ಮಿ.ಮೀ. ದಪ್ಪದ ನಾಲಗೆಯನ್ನಾಗಿ ತೆಳುಮಾಡಿ, ಅಂಟಿಲ್ಲದೆ ಆ ತೋಡಿನೊಳಗೆ ಕೂರಿಸುತ್ತಾರೆ. ಹಲಗೆಯ ನಡುಭಾಗ ಉಬ್ಬಿ ಕಾಣುವುದು ಅಂದಕ್ಕೆಂದು ಹಲವರ ಭಾವನೆ. ವಾಸ್ತವವಾಗಿ ದಪ್ಪ ಹಲಗೆಯನ್ನು ತೆಳು ತೋಡಿಗೆ ಹೊಂದಿಸುವ ಅವಶ್ಯಕತೆಯಿಂದಲೇ ಆ ಅಂದ ಹುಟ್ಟಿತು. ಹಲಗೆಯನ್ನು ಅಗಲದಲ್ಲಿ 3 ಮಿ.ಮೀ.ನಷ್ಟು ಕಿರಿದಾಗಿ ಕೊಯ್ದುಕೊಂಡರೆ ಹಿಗ್ಗಲು ಎಡೆಯಿರುತ್ತದೆ.

ಹಿಂದೆ ಈ ಇಳಿಜಾರನ್ನು ಕೀಸುಳಿಯಿಂದ, ಅಂದರೆ ಬಡಗಿಗಳ ತೋಪಡದಿಂದ, ತಾಳ್ಮೆಯಿಂದ ತೆಗೆಯುತ್ತಿದ್ದರು. ಈಗ ರೂಟರ್ ಯಂತ್ರ ಅದೇ ಕೆಲಸವನ್ನು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ಶಾಲೆಯ ಕಾರ್ಯಾಗಾರಗಳಿಗೆ ಇಂಥ ಯಂತ್ರವನ್ನು ಕೊಡಿಸಬಯಸುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರ ಔದಾರ್ಯ ಸಾರ್ಥಕವಾಗಬೇಕಾದರೆ ಒಂದು ಸಂಗತಿಯನ್ನು ಅವರೂ, ಮಕ್ಕಳ ಕೈಗೆ ಯಂತ್ರವನ್ನು ಒಪ್ಪಿಸುವ ಅಧ್ಯಾಪಕರೂ ಅರಿತಿರಬೇಕು. ಅಪಾಯವನ್ನು ಅಳೆಯತಕ್ಕದ್ದು ಮೋಟಾರಿನ ಬಲದಿಂದಲ್ಲ, ಬಿಟ್‌ನ ಅಂಚು ಓಡುವ ವೇಗದಿಂದ.

ಸಣ್ಣ ಲೆಕ್ಕವೊಂದರಿಂದ ಇದು ಸ್ಪಷ್ಟವಾಗುತ್ತದೆ. ತೋಡು ಕೊರೆಯುವ ಅರ್ಧ ಇಂಚು ವ್ಯಾಸದ ಸಾಮಾನ್ಯ ಬಿಟ್ ನಿಮಿಷಕ್ಕೆ 22,000 ಸುತ್ತು ತಿರುಗಿದಾಗ ಅದರ ಅಂಚಿನ ವೇಗ ಗಂಟೆಗೆ ಸುಮಾರು 53 ಕಿಲೋಮೀಟರ್. ಹಲಗೆಯ ಅಂಚನ್ನು ಇಳಿಸುವ ಅಡ್ಡಮಾದರಿಯ ಬಿಟ್‌ನ ವ್ಯಾಸ ಮೂರುಕಾಲರಿಂದ ಮೂರೂವರೆ ಇಂಚು. ಮೂರೂವರೆ ಇಂಚಿನ ಬಿಟ್ಟನ್ನು ಅದೇ ವೇಗದಲ್ಲಿ ತಿರುಗಿಸಿದರೆ ಅಂಚು ಗಂಟೆಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಧಾವಿಸುತ್ತದೆ! ಬೆಸೆದ ಅಲಗು ಕಳಚಿ ಹಾರಲು, ದಂಡ ಬಾಗಲು, ಮರ ಸುಟ್ಟು ಕಪ್ಪಾಗಲು ಇನ್ನೇನು ಬೇಕು? ಆದುದರಿಂದ ಇಂಥ ಬಿಟ್ಟನ್ನು ನಿಮಿಷಕ್ಕೆ 10,000ದಿಂದ 12,000 ಸುತ್ತುಗಳಿಗೆ ಮೀರಿಸಕೂಡದು. ತಯಾರಕರು ನಮೂದಿಸಿರುವ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಆ ಮಿತಿಯೇ ಅಂತಿಮ. ವೇಗವನ್ನು ತಗ್ಗಿಸುವ ಗುಂಡಿಯಿಲ್ಲದ ರೂಟರ್ ಎಷ್ಟು ಅಗ್ಗವಾಗಿ ದೊರೆತರೂ ಈ ಕೆಲಸಕ್ಕೆ ನಿರುಪಯುಕ್ತ. ನಮ್ಮ ಊರುಗಳ ಬಡಗಿಗಳು ಸನ್‌ಮೈಕಾದ ಅಂಚು ಸವರಲು ಬಳಸುವ ಒಂಟಿಗೈಯ ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತಿನವರೆಗೂ ತಿರುಗುವಂಥದು. ಅದಕ್ಕೆ ಉಬ್ಬು ಹಲಗೆಯ ಬಿಟ್ಟನ್ನು ತೊಡಿಸುವ ಯೋಚನೆಯನ್ನೇ ಮಾಡಬಾರದು.

ಇನ್ನು ಬಿಟ್‌ನ ದಂಡ. ಕಾಲು ಇಂಚಿನ ದಂಡಕ್ಕಿಂತ ಅರ್ಧ ಇಂಚಿನ ದಂಡವು ಬಾಗುವಿಕೆಯನ್ನು ಹದಿನಾರು ಪಟ್ಟು ಹೆಚ್ಚಾಗಿ ತಡೆಯುತ್ತದೆ. ದೊಡ್ಡ ಬಿಟ್‌ಗೆ ಅರ್ಧ ಇಂಚಿನದೇ ಆಗಬೇಕು. ಇಲ್ಲಿ ನಮ್ಮ ಮಾರುಕಟ್ಟೆಯ ಒಂದು ತೊಡಕನ್ನು ಹೇಳಲೇಬೇಕಾಗಿದೆ. ಕೆಲವು ಬಿಟ್‌ಗಳು ಇಂಚಿನ ಅಳತೆಯವು, ಕೆಲವು ಮೆಟ್ರಿಕ್ ಅಳತೆಯವು. 12 ಮಿ.ಮೀ. ದಂಡವು ಅರ್ಧ ಇಂಚಿನ, ಅಂದರೆ 12.7 ಮಿ.ಮೀ.ನ, ಕೊಲೆಟ್ಟಿನೊಳಗೆ ಸಲೀಸಾಗಿ ಇಳಿಯುತ್ತದೆ. ನಟ್ಟನ್ನು ತಿರುಗಿಸಿದರೆ ಬಿಗಿಯಾದಂತೆಯೂ ಅನಿಸುತ್ತದೆ. ಕೆಲಸದ ನಡುವೆ ಅದು ಜಾರಿ ಹೊರಬರುವ ಸಂಭವವುಂಟು. 6 ಮಿ.ಮೀ. ಮತ್ತು ಕಾಲು ಇಂಚುಗಳ ವಿಷಯದಲ್ಲಿಯೂ ಇದೇ ಮಾತು. ಬಿಟ್ಟನ್ನು ಕೊಂಡವರು ಯಂತ್ರದ ಕೊಲೆಟ್ಟನ್ನು ಅಳೆದು ನೋಡಲಿ. ದಂಡವನ್ನು ಪೂರ್ತಿ ಇಳಿಸಿ, ಬಳಿಕ 2-3 ಮಿ.ಮೀ. ಮೇಲಕ್ಕೆತ್ತಿ ಬಿಗಿಯತಕ್ಕದ್ದು, ತಳಕ್ಕೆ ತಾಗಿದ ದಂಡವನ್ನು ಕೊಲೆಟ್ ಸರಿಯಾಗಿ ಕಚ್ಚುವುದಿಲ್ಲ.

ಅಲಗು ಕಾರ್ಬೈಡಿನದಾಗಿರಲಿ. ತೇಗದಲ್ಲಿ ಸಿಲಿಕಾ ಅಂಶವಿರುವುದರಿಂದ ಬರಿಯ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ, ಮೊಂಡಾದ ಅಲಗು ಹೆಚ್ಚಿನ ಒತ್ತಡವನ್ನು ಬೇಡುತ್ತದೆ, ಒತ್ತಿದ ಕೈ ಜಾರುತ್ತದೆ. ಅಲಗಿನ ಆಕೃತಿಗಳು ಹಲವಿದ್ದರೂ ನೇರ ಇಳಿಜಾರಿನದು ನನಗೆ ಮೆಚ್ಚು. ತಿರುವುಮುರುವಿನ ಆಕೃತಿಗಳಲ್ಲಿ ಧೂಳು ಕೂರುತ್ತದೆ. ಬಯಲಿಗೆ ತೆರೆದ ಬಾಗಿಲಾದರೆ ನೀರೂ ನಿಲ್ಲುತ್ತದೆ. ಚೌಕಟ್ಟಿನ ತೋಡಿಗೂ ಅಡ್ಡಪಟ್ಟಿಗಳ ತುದಿಗೂ ಬೇಕಾದ ಬಿಟ್‌ಗಳನ್ನು ಹಲಗೆಯ ಬಿಟ್‌ನೊಡನೆ ಒಂದೇ ಜೋಡಣೆಯಾಗಿ ಕೊಂಡರೆ ನಾಲಗೆಯೂ ತೋಡೂ ತಾಳೆಯಾಗುತ್ತವೆ. ಕೆಲವು ಬಿಟ್‌ಗಳಲ್ಲಿ ಹಲಗೆಯ ಹಿಂಬದಿಯನ್ನೂ ಜೊತೆಗೇ ಕೆತ್ತುವ ಎರಡನೆಯ ಅಲಗುಂಟು; ಅದಿದ್ದರೆ ಹಲಗೆಯೂ ಚೌಕಟ್ಟೂ ಒಂದೇ ದಪ್ಪದವಾಗಿರಬಹುದು. ಇಲ್ಲದಿದ್ದರೆ 19 ಮಿ.ಮೀ. ಚೌಕಟ್ಟಿಗೆ 16 ಮಿ.ಮೀ. ಹಲಗೆ ಹೊಂದುತ್ತದೆ. ಇವೆಲ್ಲ ಕಪಾಟು, ಬೀರುಗಳ ಬಾಗಿಲಿನ ಅಳತೆಗಳು. ಮನೆಯ ಹೆಬ್ಬಾಗಿಲಿನ ದಪ್ಪ ಮರ ಬೇರೆಯೇ ಯಂತ್ರವನ್ನು ಬೇಡುತ್ತದೆ.

ನಿಲುಮಾದರಿಯ ಬಿಟ್ ಎಂಬ ಇನ್ನೊಂದು ಬಗೆಯಿದೆ. ಅದರ ವ್ಯಾಸ ಸುಮಾರು ಒಂದೂವರೆ ಇಂಚು ಮಾತ್ರ. ಹಲಗೆಯನ್ನು ಮಲಗಿಸದೆ, ಎತ್ತರದ ಆನಿಕೆಪಟ್ಟಿಗೆ ಒರಗಿಸಿ ನಿಲ್ಲಿಸಿ ನಡೆಸುವುದು ಇದರ ಕ್ರಮ. ಕಮಾನಿನಾಕಾರದ ಹಲಗೆಗೆ ಇದು ಒಗ್ಗದು. ಆದರೂ ವಿದ್ಯಾರ್ಥಿಗಳು ಕಲಿಯುವ ಕಾರ್ಯಾಗಾರಕ್ಕೆ ಇದೇ ಮೇಲೆಂದು ನನ್ನ ಅಭಿಪ್ರಾಯ. ಅಂಚಿನ ವೇಗ ಸಹಜವಾಗಿಯೇ ತಗ್ಗಿರುತ್ತದೆ, ತಿರುಗುವ ಲೋಹದ ಗಾತ್ರವೂ ಚಿಕ್ಕದು.

ಯಾವ ಮಾದರಿಯದಾದರೂ ಉಬ್ಬು ಹಲಗೆಯ ಬಿಟ್ಟನ್ನು ಕೈಯಲ್ಲಿ ಹಿಡಿದ ರೂಟರಿಗೆ ತೊಡಿಸಲೇಬಾರದು. ರೂಟರನ್ನು ಮೇಜಿನ ಕೆಳಗೆ ತಲೆಕೆಳಗಾಗಿ ಬಿಗಿದು, ಬಿಟ್ ಮಾತ್ರ ಮೇಲಕ್ಕೆ ಬರುವಂತೆ ಮಾಡಬೇಕು. ಆಗ ಮೇಲಿನಿಂದ ನೋಡುವವರಿಗೆ ಬಿಟ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಹಲಗೆಯನ್ನು ಬಲದಿಂದ ಎಡಕ್ಕೆ ನೂಕಿದರೆ ಅಲಗು ಎದುರಾಗಿ ಕತ್ತರಿಸುತ್ತದೆ. ಎಡದಿಂದ ಬಲಕ್ಕೆ ನೂಕಿದರೆ ಅಲಗು ಹಲಗೆಯನ್ನು ತಾನೇ ಸೆಳೆದು ಎಸೆಯುತ್ತದೆ, ಅದರ ಹಿಂದಿದ್ದ ಕೈ ಬಿಟ್‌ನ ಕಡೆಗೆ ಬೀಳುತ್ತದೆ. ಬಿಟ್‌ಗೂ ಆನಿಕೆಪಟ್ಟಿಗೂ ನಡುವಣ ಸಂದಿಯಲ್ಲಿ ಹಲಗೆಯನ್ನು ತೂರಿಸುವುದೂ ಅಷ್ಟೇ ಘಾತಕ. ಆನಿಕೆಪಟ್ಟಿಯು ಬಿಟ್‌ನ ಬೇರಿಂಗಿಗೆ ಸಮರೇಖೆಯಲ್ಲಿದ್ದು, ಬಿಟ್‌ನ ಬಹುಭಾಗ ಅದರ ಒಳಗೇ ಮರೆಯಾಗಿರಬೇಕು.

ಒಂದೇ ಬಾರಿಗೆ ಪೂರ್ಣ ಆಳಕ್ಕೆ ಕೆತ್ತುವ ಆತುರ ಬೇಡ. ಮೂರು ನಾಲ್ಕು ಸಲವಾಗಿ ತೆಗೆದು, ಕೊನೆಯ ಸಲಕ್ಕೆ ಅರ್ಧ ಮಿ.ಮೀ.ನಷ್ಟು ಉಳಿಸಿಕೊಂಡರೆ ಮೈ ನುಣುಪಾಗುತ್ತದೆ. ಮೊದಲು ಎಳೆಗೆ ಅಡ್ಡವಾದ ತುದಿಗಳನ್ನು, ಅನಂತರ ಎಳೆಯುದ್ದದ ಅಂಚುಗಳನ್ನು ಕೆತ್ತುವುದು ಕ್ರಮ. ತುದಿಯ ಮೂಲೆಯಲ್ಲಿ ಸಿಬಿರು ಎದ್ದರೂ ಮುಂದಿನ ಕೆತ್ತನೆಯಲ್ಲಿ ಅದು ಹೋಗಿಬಿಡುತ್ತದೆ. ಅಂಗೈಯಗಲದ ಸಣ್ಣ ಹಲಗೆಗಳನ್ನು ಈ ಯಂತ್ರಕ್ಕೆ ಒಡ್ಡದೆ ಕೈಕೀಸುಳಿಗೇ ಬಿಡುವುದು ಲೇಸು. ಬೆರಳುಗಳು ಬಿಟ್‌ನಿಂದ ಗೇಣಷ್ಟು ದೂರವಿದ್ದು, ಹಿಡಿಯುಳ್ಳ ಮರದ ತುಂಡಿನಿಂದ ಹಲಗೆಯನ್ನು ನೂಕಬೇಕು. ಕೈಗವಸು, ಜೋಲುವ ತೋಳು, ಹೆಗಲ ವಸ್ತ್ರ, ಬಳೆ, ಕೈದಾರ ಇವು ತಿರುಗುವ ಯಂತ್ರದ ಬಳಿ ಸಲ್ಲವು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮುಖವಾಡ ಕಡ್ಡಾಯ. ಮರದ ಧೂಳನ್ನು ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದೆಯಾದುದರಿಂದ ಇದನ್ನು ಅತಿ ಜಾಗರೂಕತೆಯೆನ್ನುವಂತಿಲ್ಲ.

ಬಿಟ್ ಬದಲಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನೇ ಕಳಚಿ ಕಣ್ಣೆದುರಿಗೆ ಇಟ್ಟುಕೊಳ್ಳಬೇಕು. ಕೆಲಸದ ನಡುವೆ ವಿದ್ಯುತ್ತು ಹೋಗಿ ಮರಳಿ ಬರುವುದು ನಮ್ಮಲ್ಲಿ ಅಪರೂಪವೇನಲ್ಲ. ಸ್ವಿಚ್ಚು ಹಾಕಿದಂತೆಯೇ ಇದ್ದರೆ, ಹಲಗೆಯ ಮೇಲೆ ಬಗ್ಗಿ ಅಳತೆ ನೋಡುತ್ತಿರುವ ಹುಡುಗನ ಕೈಕೆಳಗೆ ಯಂತ್ರ ತಾನಾಗಿ ತಿರುಗತೊಡಗುತ್ತದೆ. ವಿದ್ಯುತ್ತು ಮರಳಿದರೂ ಮತ್ತೆ ಗುಂಡಿಯೊತ್ತುವವರೆಗೆ ಚಾಲನೆಯಾಗದ ಸ್ವಿಚ್ಚುಗಳು ದೊರೆಯುತ್ತವೆ. ಅದನ್ನು ಮೇಜಿನ ಮುಂಬದಿಗೆ, ಮೊಣಕಾಲಿಗೆ ಎಟುಕುವಂತೆ ಜೋಡಿಸತಕ್ಕದ್ದು. ಯಂತ್ರವೊಂದನ್ನೇ ಕೊಡಿಸಿದರೆ ದಾನ ಅರ್ಧವಾದಂತೆ. ಗಟ್ಟಿ ಮೇಜು, ಎತ್ತರದ ಆನಿಕೆಪಟ್ಟಿ, ಈ ಸ್ವಿಚ್ಚು, ಧೂಳು ಹೀರುವ ಕೊಳವೆ ಇವುಗಳ ವೆಚ್ಚವನ್ನೂ ಯಂತ್ರದ ಬೆಲೆಯೊಡನೆ ಕೂಡಿಸಿಯೇ ಅಂದಾಜುಪಟ್ಟಿಯನ್ನು ಸಿದ್ಧಪಡಿಸಬೇಕು. ಹಣ ಸಾಲದಿದ್ದರೆ ಬಿಟ್‌ಗಳ ಸಂಖ್ಯೆಯನ್ನು ಕಡಿತಗೊಳಿಸಬಹುದು.