ಸೊಳ್ಳೆ ಸಿಕ್ಕಿದ್ದು ಯಾವ ಜಿಲ್ಲೆಯಲ್ಲಿ?

ಯಲಹಂಕ, ಹೆಬ್ಬಾಳದ ಕಡೆ ಇರೋ ನಮಗೆ ಸೊಳ್ಳೆ ಹೊಸದಲ್ಲ. ಆದರೆ ಯಾವ ಜಾತಿ ಎಲ್ಲಿದೆ ಅನ್ನೋ ದಾಖಲೆಯನ್ನು ತಿದ್ದೋದು ಹೇಗೆ? ಈ ಸಲ ಅದನ್ನು ಕಲಿಯೋಣ.

ಡೆಂಗ್ಯೂ ಹರಡೋದರಲ್ಲಿ ಈಡಿಸ್ ಈಜಿಪ್ಟಿ ಮುಖ್ಯ. ಮಲೇರಿಯಾಕ್ಕೆ ನಗರಗಳಲ್ಲಿ ಅನಾಫಿಲಿಸ್ ಸ್ಟೀಫೆನ್ಸಿ, ಹಳ್ಳಿಗಳಲ್ಲಿ ಅನಾಫಿಲಿಸ್ ಕ್ಯೂಲಿಸಿಫೇಸಿಸ್. ಸ್ಟೀಫೆನ್ಸಿ ಬಾವಿ, ಓವರ್‌ಹೆಡ್ ಟ್ಯಾಂಕ್‌ಗಳಲ್ಲಿ ಮೊಟ್ಟೆ ಇಡುತ್ತೆ. ದಾಖಲೆ ತಪ್ಪಿದ್ರೆ ಆರೋಗ್ಯ ಸಿಬ್ಬಂದಿ ತಪ್ಪು ಊರಿನ ಟ್ಯಾಂಕ್ ಇಣುಕಿ ನೋಡ್ತಾರೆ, ಸೊಳ್ಳೆ ಇರೋ ಊರು ಹಾಗೇ ಉಳಿಯುತ್ತೆ.

ತಪ್ಪು ನುಸುಳೋದು ಮೂರು ಕಡೆ.

ಒಂದು, ಜಾಗ. 1980ರ ಒಂದು ದಾಖಲೆಯಲ್ಲಿ "ಬೆಂಗಳೂರು ಜಿಲ್ಲೆ" ಅಂತಷ್ಟೇ ಇದೆ ಅಂದ್ಕೊಳ್ಳಿ. 1986ರಲ್ಲಿ ಆ ಜಿಲ್ಲೆ ನಗರ, ಗ್ರಾಮಾಂತರ ಎಂದು ಎರಡಾಯಿತು. 2007ರಲ್ಲಿ ಗ್ರಾಮಾಂತರದಿಂದ ರಾಮನಗರ ಬೇರೆಯಾಯಿತು. ಅಂದರೆ ಆ ಸೊಳ್ಳೆ ಯಲಹಂಕದ್ದಿರಬಹುದು, ದೇವನಹಳ್ಳಿಯದ್ದಿರಬಹುದು, ಕನಕಪುರದ್ದೂ ಇರಬಹುದು. ಕಂಪ್ಯೂಟರಿಗೆ ಬರೀ ಹೆಸರು ಕೊಟ್ಟರೆ ಅದು ಇವತ್ತಿನ ಬೆಂಗಳೂರಿನ ನಡುಮಧ್ಯೆ ಪಿನ್ ಚುಚ್ಚಿಬಿಡುತ್ತೆ!

ಎರಡು, ಹೆಸರು. ಕ್ಯೂಲಿಸಿಫೇಸಿಸ್ ಅಂತ ಕರೆಯೋದು ನಿಜಕ್ಕೂ ಐದು ಸೋದರ ಜಾತಿಗಳ ಗುಂಪು: ಎ, ಬಿ, ಸಿ, ಡಿ, ಇ. ಕಣ್ಣಿಗೆ ಎಲ್ಲಾ ಒಂದೇ ಥರ. ಆದರೆ 'ಬಿ' ಮಲೇರಿಯಾ ಹರಡೋದು ತುಂಬಾ ಕಡಿಮೆ. ಹಳೇ ದಾಖಲೆಯಲ್ಲಿ ಗುಂಪಿನ ಹೆಸರು ಮಾತ್ರ ಇದ್ದರೆ ಅಲ್ಲಿದ್ದದ್ದು ಯಾವುದು ಅಂತ ಊಹಿಸಿ ಬರೆಯಬಾರದು.

ಮೂರು, ಖಾಲಿ ಜಾಗ. ಸ್ಟೀಫೆನ್ಸಿ ನಮ್ಮ ಏಷ್ಯಾದ ಸೊಳ್ಳೆ ಅಂತಿದ್ರು. 2012ರಲ್ಲಿ ಅದು ಆಫ್ರಿಕಾದ ಜಿಬೂಟಿಯಲ್ಲಿ, 2016ರಲ್ಲಿ ಶ್ರೀಲಂಕಾದ ಮನ್ನಾರ್‌ನಲ್ಲಿ ಸಿಕ್ಕಿತು. ಮ್ಯಾಪ್‌ನಲ್ಲಿ ಖಾಲಿ ಇದ್ದರೆ ಹುಡುಕಿ ಸಿಗಲಿಲ್ಲ ಅಂತಲೋ, ಯಾರೂ ಹುಡುಕಲೇ ಇಲ್ಲ ಅಂತಲೋ? ಎರಡಕ್ಕೂ ಬೇರೆ ಬೇರೆ ಗುರುತು ಬೇಕು.

ಹಾಗಾದ್ರೆ ತಿದ್ದೋದು ಹೇಗೆ? ಮೂಲ ಬರಹವನ್ನು ಅಳಿಸಬೇಡಿ. ಪಕ್ಕದಲ್ಲಿ ಹೊಸ ಕಾಲಂ ಸೇರಿಸಿ. ಜಾಗ ಖಚಿತವಿಲ್ಲದಿದ್ದರೆ ಪಿನ್ ಬದಲು ಹಳೇ ಜಿಲ್ಲೆಯ ಪೂರ್ತಿ ಗಡಿ ಹಾಕಿ. ಯಾರು, ಯಾವಾಗ, ಯಾಕೆ ತಿದ್ದಿದರು ಅಂತ ಬರೆಯಿರಿ.

ಹೊಸ ದಾಖಲೆ ಹೇಗಿರಬೇಕು ಅನ್ನೋದಕ್ಕೆ ನಮ್ಮ ಹತ್ತಿರದ್ದೇ ಉದಾಹರಣೆ ಇದೆ. 2023ರಲ್ಲಿ ಸೊಳ್ಳೆ ಮಾದರಿಯಲ್ಲಿ ಝೀಕಾ ವೈರಸ್ ಪತ್ತೆಯಾದಾಗ ಸುದ್ದಿ ಬಂದದ್ದು ಬರೀ "ಚಿಕ್ಕಬಳ್ಳಾಪುರ ಜಿಲ್ಲೆ" ಅಂತಲ್ಲ. ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟ ಅಂತ. ಊರು ಗೊತ್ತಿದ್ದಕ್ಕೇ ಸುತ್ತಮುತ್ತ ಜ್ವರ ಬಂದವರ ರಕ್ತ ಪರೀಕ್ಷೆ ಕೂಡಲೇ ಮಾಡೋಕಾಯ್ತು.